ಪಾಲು, ಜೀವನಾಂಶ ಮತ್ತು ಹಕ್ಕು: ತುಂಗಭದ್ರೆಯ ಎರಡು ದಂಡೆಗಳ ಕಾನೂನು

ಕಾನೂನು, ಹಕ್ಕು, ನ್ಯಾಯ ಎಂಬ ಪದಗಳು ನಿತ್ಯದ ಮಾತಿನಲ್ಲಿ ಒಂದರ ಬದಲಿಗೆ ಇನ್ನೊಂದಾಗಿ ಬಳಕೆಯಾಗುವುದುಂಟು. ‘ಕಾನೂನು’ ಮತ್ತು ‘ಹಕ್ಕು’ ಅರಬ್ಬಿ ಮೂಲದವು, ‘ನ್ಯಾಯ’ ಸಂಸ್ಕೃತದ್ದು, ಆಸ್ತಿಯ ಸಂದರ್ಭದಲ್ಲಿ ಕೇಳಿಬರುವ ‘ಪಾಲು’ ದ್ರಾವಿಡ ಮೂಲದ್ದು. ಪರಿಕಲ್ಪನೆಗಳಾಗಿ ಇವು ಬೇರೆ ಬೇರೆ. ಪ್ರಭುತ್ವವು ರೂಪಿಸಿ ಜಾರಿಗೊಳಿಸುವ ನಿಯಮ ಕಾನೂನು. ಆ ನಿಯಮದ ಬಲದಿಂದ ವ್ಯಕ್ತಿಯೊಬ್ಬರು ಕೇಳಿ ಪಡೆಯಬಹುದಾದದ್ದು ಹಕ್ಕು. ಕೇಳಿದ್ದನ್ನು ವಿಚಾರಿಸಿ ಕೊಡಿಸುವ ವ್ಯವಸ್ಥೆ ನ್ಯಾಯಾಂಗ ಸಂಸ್ಥೆ. ಈ ಮೂರರ ಸಂಬಂಧವನ್ನು ಹರಿಹರ ತಾಲ್ಲೂಕಿನ ನಂದಿಗುಡಿಯಂತಹ ಗ್ರಾಮದ ಹೆಣ್ಣುಮಕ್ಕಳ ಆಸ್ತಿಹಕ್ಕನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1956ರವರೆಗೆ ಈ ಭಾಗದಲ್ಲಿ ತುಂಗಭದ್ರೆಯು ಎರಡು ಆಡಳಿತಗಳ ನಡುವಿನ ಗಡಿಯಾಗಿತ್ತು. ಹರಿಹರದ ಕಡೆಯ ದಂಡೆ ಮೈಸೂರು ಸಂಸ್ಥಾನಕ್ಕೂ ಎದುರಿನ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೂ ಸೇರಿದ್ದವು. ಜನರ ಭಾಷೆ ಒಂದೇ, ಬೇಸಾಯ ಒಂದೇ, ಕೊಟ್ಟು ತರುವ ಸಂಬಂಧಗಳಿಗೂ ಹೊಳೆ ಅಡ್ಡಿಯಾಗಿರಲಿಲ್ಲ. ಆದರೆ ಕಾನೂನು ಬೇರೆಯಾಗಿತ್ತು, ನ್ಯಾಯಾಲಯವೂ ಬೇರೆಯಾಗಿತ್ತು. ಒಂದು ದಂಡೆಯ ವ್ಯಾಜ್ಯ 1884ರಲ್ಲಿ ಸ್ಥಾಪನೆಯಾದ ಮೈಸೂರು ಚೀಫ್ ಕೋರ್ಟಿನತ್ತ, ಇನ್ನೊಂದು ದಂಡೆಯ ವ್ಯಾಜ್ಯ 1862ರಲ್ಲಿ ಆರಂಭವಾದ ಮುಂಬಯಿ ಹೈಕೋರ್ಟಿನತ್ತ ಸಾಗುತ್ತಿತ್ತು.

1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಕಾಯಿದೆಯೊಂದನ್ನು ಜಾರಿಗೆ ತಂದಿತು. ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿ, ವಿಧವೆ ಹಾಗೂ ಮದುವೆಯಾಗದ ಮಗಳಿಗೆ ಪಾಲು ಸಲ್ಲಬೇಕೆಂದು ಅದು ವಿಧಿಸಿತು. ಬ್ರಿಟಿಷ್ ಭಾರತದಲ್ಲಿ ಇದಕ್ಕೆ ಹತ್ತಿರವಾದ ಕಾಯಿದೆ ಬಂದದ್ದು 1937ರಲ್ಲಿ. ಅದು ಮುಖ್ಯವಾಗಿ ವಿಧವೆಯರನ್ನು ಕುರಿತದ್ದು. ಮಗಳಿಗೆ ಅದರಲ್ಲಿ ಪಾಲಿರಲಿಲ್ಲ. ಪ್ರಾಂತ್ಯಗಳ ಕೃಷಿಭೂಮಿಗೆ ಅದು ಅನ್ವಯಿಸದೆಂದು 1941ರಲ್ಲಿ ಫೆಡರಲ್ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಹೀಗಾಗಿ ಮದುವೆಯಾಗದ ಮಗಳು ನಂದಿಗುಡಿಯ ಕಡೆ ‘ಪಾಲು’ ಕೇಳಬಹುದಾಗಿದ್ದಾಗ, ಎದುರು ದಂಡೆಯ ಮಗಳಿಗೆ ದಕ್ಕುತ್ತಿದ್ದುದು ‘ಜೀವನಾಂಶ’ ಮತ್ತು ಮದುವೆಯ ಖರ್ಚು ಮಾತ್ರ. ಪಾಲು ಆಸ್ತಿಯಲ್ಲಿನ ಭಾಗ. ಜೀವನಾಂಶ ಆಸ್ತಿಯಿಂದ ದೊರೆಯುವ ಆಸರೆ. ಹಕ್ಕು ಕೇವಲ ನೈತಿಕ ಭಾವನೆಯಲ್ಲ, ಅದು ಕಾನೂನಿನ ವ್ಯಾಪ್ತಿಗೆ ಒಳಪಟ್ಟದ್ದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಮೈಸೂರಿನ ಕಾಯಿದೆಗೂ ಮಿತಿಗಳಿದ್ದವು. ಮಗಳ ಪಾಲು ಮಗನ ಪಾಲಿಗೆ ಸಮನಾಗಿರಲಿಲ್ಲ. ಸಾಮಾನ್ಯವಾಗಿ ಕುಟುಂಬದ ಗಂಡಸರು ವಿಭಾಗಕ್ಕೆ ಮುಂದಾದಾಗಲೇ ಆಕೆಯ ಹಕ್ಕು ಕಾರ್ಯರೂಪಕ್ಕೆ ಬರುತ್ತಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಎರಡೂ ದಂಡೆಗಳಿಗೆ ಒಂದೇ ಕಾನೂನನ್ನು ತಂದಿತು. ಅದೇ ವರ್ಷ ನವೆಂಬರ್ 1ರಂದು ಎರಡೂ ಪ್ರದೇಶಗಳು ಒಂದೇ ರಾಜ್ಯಕ್ಕೆ ಸೇರಿದವು. ಆದರೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಗಂಡುಮಕ್ಕಳದ್ದಾಗಿಯೇ ಉಳಿಯಿತು. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ನೀಡಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೊಡೆದುಹಾಕಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುನ್ನ ನೋಂದಣಿಯಾದ ಅಥವಾ ನ್ಯಾಯಾಲಯದ ಡಿಕ್ರಿಯಿಂದಾದ ವಿಭಾಗಗಳಿಗೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ.

ಇನ್ನು ಸಂಸ್ಥೆಗಳ ವಿಚಾರ. ತಂದೆ ತೀರಿದ ಬಳಿಕ ಪೌತಿ ಖಾತೆಯ ಮೂಲಕ ವಾರಸುದಾರರ ಹೆಸರು ಪಹಣಿಗೆ ಸೇರುತ್ತದೆ. ಇದು ಕಂದಾಯ ಇಲಾಖೆಯ ಕೆಲಸ. ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಮಗಳ ಹಕ್ಕು ಅಳಿಯುವುದಿಲ್ಲ. ಪಾಲಿನ ಬಗ್ಗೆ ತಕರಾರು ಬಂದರೆ ಅದನ್ನು ತೀರ್ಮಾನಿಸುವುದು ತಹಶೀಲ್ದಾರರ ಕಚೇರಿಯಲ್ಲ, ಸಿವಿಲ್ ನ್ಯಾಯಾಲಯ. ಹರಿಹರದ ದಾವೆ ದಾವಣಗೆರೆಯ ಜಿಲ್ಲಾ ನ್ಯಾಯಾಲಯ ಹಾಗೂ ಬೆಂಗಳೂರಿನ ಉಚ್ಚ ನ್ಯಾಯಾಲಯದತ್ತ ಸಾಗಿದರೆ, ರಾಣೆಬೆನ್ನೂರಿನದು ಹಾವೇರಿಯ ಮೂಲಕ 2008ರಲ್ಲಿ ಆರಂಭವಾದ ಧಾರವಾಡ ಪೀಠಕ್ಕೆ ಹೋಗುತ್ತದೆ. ಇಂದು ಎರಡು ದಂಡೆಗಳಿಗೆ ದಾರಿ ಬೇರೆಯಾದರೂ ಕಾನೂನು ಒಂದೇ.

ಕಾನೂನು ಕೊಟ್ಟದ್ದನ್ನು ಸಮಾಜ ಮರಳಿ ಕೇಳುವುದೂ ಉಂಟು. ತವರಿನ ಬಾಗಿಲು ಮುಚ್ಚದಿರಲೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಗ್ರಾಮೀಣ ಕರ್ನಾಟಕದಲ್ಲಿ ಅಪರೂಪವಲ್ಲ. ಸ್ವಇಚ್ಛೆಯಿಂದ ಬಿಟ್ಟುಕೊಡುವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆಂಬ ಅರಿವು ಸಹಿಗೆ ಮೊದಲು ಇರಬೇಕಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಆದಾಯದ ಮಿತಿಯಿಲ್ಲದೆ ಎಲ್ಲ ಮಹಿಳೆಯರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಸಲ್ಲಿಸಿ ಪತ್ರದ ಒಕ್ಕಣೆಯನ್ನು ಮೊದಲೇ ತಿಳಿದುಕೊಳ್ಳುವ ಅವಕಾಶ ಆಕೆಗಿದೆ. 1933ರ ಕಾಯಿದೆಯಲ್ಲಿ ಗಂಡಸರ ತೀರ್ಮಾನವನ್ನು ಕಾಯಬೇಕಾಗಿದ್ದ ಮಗಳು ಇಂದು ತಾನೇ ವಿಭಾಗವನ್ನು ಕೇಳಬಲ್ಲಳು ಎಂಬುದೇ ಈ ಬೆಳವಣಿಗೆಯ ಮುಖ್ಯ ಫಲಿತ.