ಮೊದಲು 25 ನಿಮಿಷ, ಆಮೇಲೆ 25 ನಿಮಿಷ

ಪ್ರನಾಳ ಶಿಶು ಚಿಕಿತ್ಸೆಯಲ್ಲಿ (ಐವಿಎಫ್) ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವುದು ಕೆಲವೇ ನಿಮಿಷಗಳ ಕೆಲಸ. ಒಂದು ತೆಳು ಕೊಳವೆ, ಸ್ಕ್ಯಾನಿಂಗ್ ಪರದೆಯ ಮೇಲೆ ಒಂದು ಬಿಳಿ ಚುಕ್ಕೆ, ಅಷ್ಟೇ. ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ದಿನಾ ಹೊಟ್ಟೆಗೆ ಚುಚ್ಚುಮದ್ದು, ಮತ್ತೆ ಮತ್ತೆ ರಕ್ತಪರೀಕ್ಷೆ, ಅಂಡಾಣು ತೆಗೆಯುವ ದಿನದ ಅರಿವಳಿಕೆ ಎಲ್ಲ ಆಗಿರುತ್ತದೆ. ಆಮೇಲೆ ಎರಡು ವಾರದಷ್ಟು ಕಾಯುವುದೊಂದೇ ಬಾಕಿ. ಈ ಕೆಲವು ನಿಮಿಷಗಳ ಹಿಂದೆ ಮುಂದೆ ಇತ್ತೀಚೆಗೆ ಇನ್ನೊಂದು ಕ್ರಮ ಸೇರಿಕೊಂಡಿದೆ. ಭ್ರೂಣ ಸೇರಿಸುವ ಮುಂಚೆ 25 ನಿಮಿಷ ಅಕ್ಯುಪಂಕ್ಚರ್, ಸೇರಿಸಿದ ಮೇಲೆ ಮತ್ತೆ 25 ನಿಮಿಷ. ಮೊದಲ ಸರದಿಯಲ್ಲಿ ನಡುನೆತ್ತಿ, ಮಣಿಕಟ್ಟಿನ ಒಳಬದಿ, ಕಿಬ್ಬೊಟ್ಟೆ, ಮೀನಖಂಡದ ಒಳಬದಿ, ಪಾದದ ಮೇಲೆ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದು. ಎರಡನೆಯ ಸರದಿಗೆ ಮೊಣಕಾಲ ಕೆಳಗೆ, ಮೊಣಕಾಲ ಮೇಲೆ, ಹರಡಿಗಿಂತ ನಾಲ್ಕು ಬೆರಳು ಮೇಲಕ್ಕೆ, ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ. ಕಿವಿಗೂ ಸಣ್ಣ ಸೂಜಿಗಳುಂಟು.

ಸಾವಿರಾರು ವರ್ಷದ ಚೀನೀ ಪದ್ಧತಿ ಎಂದೇ ಇದನ್ನು ಪರಿಚಯಿಸುವುದು. ಸೂಜಿ ಹಳೆಯದು, ಒಪ್ಪೋಣ. ಆದರೆ ಈ ಜಾಗಗಳು, ಈ ಜೋಡಣೆ, ಈ 25 ನಿಮಿಷ ಲೋಕಕ್ಕೆ ಗೊತ್ತಾಗಿದ್ದು 2002ರಲ್ಲಿ, ಜರ್ಮನಿಯ ಉಲ್ಮ್ ಎಂಬ ಊರಿನಿಂದ.

ಅಲ್ಲಿನ ಫಲವಂತಿಕೆ ಚಿಕಿತ್ಸಾ ಕೇಂದ್ರವೊಂದರ ವೈದ್ಯ ವೋಲ್ಫ್‌ಗಾಂಗ್ ಪೌಲುಸ್ ಮತ್ತು ಸಂಗಡಿಗರು ಚೀನಾದ ವುಹಾನ್‌ನ ತೋಂಗ್‌ಜಿ ಆಸ್ಪತ್ರೆಯವರ ಜೊತೆ ಸೇರಿ 160 ಮಹಿಳೆಯರನ್ನು ಎರಡು ಗುಂಪು ಮಾಡಿದರು. 80 ಮಂದಿಗೆ ಸೂಜಿ, ಉಳಿದ 80 ಮಂದಿಗೆ ಇಲ್ಲ. ಸೂಜಿ ಹಾಕಿಸಿಕೊಂಡವರಲ್ಲಿ 34 ಮಂದಿ ಬಸಿರಾದರು, ಹಾಕಿಸಿಕೊಳ್ಳದವರಲ್ಲಿ 21. ಶೇಕಡಾ ಲೆಕ್ಕದಲ್ಲಿ 42.5 ಮತ್ತು 26.3. 'ಫರ್ಟಿಲಿಟಿ ಅಂಡ್ ಸ್ಟೆರಿಲಿಟಿ' ಪತ್ರಿಕೆಯಲ್ಲಿ ಇದು ಅಚ್ಚಾದದ್ದೇ ತಡ, ಆ ಸೂಜಿಗಳ ಪಟ್ಟಿ 'ಪೌಲುಸ್ ಪ್ರೋಟೋಕಾಲ್' ಎಂಬ ಹೆಸರು ಹೊತ್ತು ಖಂಡ ಖಂಡ ದಾಟಿತು. ಎಷ್ಟೋ ದುಬಾರಿ ಔಷಧಗಳು ತರಲಾರದ ಏರಿಕೆಯನ್ನು ಕೂದಲೆಳೆಯಂಥ ಸೂಜಿ ತಂದಿತೆಂದರೆ ಯಾರಿಗೆ ಬೇಡ? ಅಂತರ ಹದಿಮೂರು ಮಂದಿಯದ್ದು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಪೌಲುಸ್ ಬರಿಗೈಯಲ್ಲಿ ಶುರುಮಾಡಿದವರಲ್ಲ. 1996ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಎಲಿಸಬೆಟ್ ಸ್ಟೇನರ್-ವಿಕ್ಟೊರಿನ್ ಎಂಬ ಸಂಶೋಧಕಿ ಮಕ್ಕಳಾಗದ ಹತ್ತು ಮಹಿಳೆಯರಿಗೆ ನಾಲ್ಕು ವಾರ ಸೂಜಿ ಹಾಕಿ, ಅದರ ಮೂಲಕ ಮಂದ ವಿದ್ಯುತ್ ಹರಿಸಿ, ಗರ್ಭಕೋಶದ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ರಕ್ತ ಹರಿಯುವುದಕ್ಕಿದ್ದ ಅಡೆತಡೆ ಕಡಿಮೆಯಾಗಿತ್ತು. ರಕ್ತ ಚೆನ್ನಾಗಿ ಹರಿದರೆ ಗರ್ಭಕೋಶದ ಒಳಪದರ ಚೆನ್ನಾಗಿ ಬೆಳೆದೀತು, ಒಳಪದರ ಚೆನ್ನಾಗಿದ್ದರೆ ಭ್ರೂಣ ಅಂಟಿಕೊಂಡೀತು ಎಂಬ ತರ್ಕಕ್ಕೆ ಅಲ್ಲಿಂದ ಬಲ ಬಂತು. ಹತ್ತೇ ಮಂದಿಯ ಅಧ್ಯಯನ ಅದು. ಯಾರಿಗೂ ಮಗುವಾಯಿತೆಂದು ಅದು ಹೇಳಿರಲಿಲ್ಲ. ಈ ಮಹಿಳೆ ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರುತ್ತಾರೆ.

ಪಾಶ್ಚಾತ್ಯ ಆಸ್ಪತ್ರೆಗಳು ಸೂಜಿಯ ಮಾತನ್ನು ಕಿವಿಗೆ ಹಾಕಿಕೊಳ್ಳುವಂತಾಗಿದ್ದೇ ಒಂದು ಆಕಸ್ಮಿಕದಿಂದ. 1971ರ ಜುಲೈಯಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋಗಿದ್ದಾಗ ಅಪೆಂಡಿಕ್ಸ್ ಕೆರಳಿತು. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆ ಕೊಟ್ಟೇ. ಎರಡನೆಯ ರಾತ್ರಿ ಹೊಟ್ಟೆಯುಬ್ಬರದಿಂದ ಒದ್ದಾಡುವಾಗ ಅಲ್ಲಿನ ವೈದ್ಯರೊಬ್ಬರು ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಹಾಕಿದರು, ಹಿತವಾಯಿತು. ಅವರು ಬರೆದದ್ದೂ ಇಷ್ಟೇ. ಓದಿದ ಅಮೆರಿಕದ ಮಂದಿ ಮಾತ್ರ ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರಂತೆ ಎಂದೇ ಹೇಳಿಕೊಂಡು ತಿರುಗಿದರು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿಬಂದರು. ಆಮೇಲೆ ಹಿಡಿಯುವವರಿಲ್ಲ.

ಚೀನಾದಲ್ಲೇ ಈ ವಿದ್ಯೆ ಒಂದೇ ಗತ್ತಿನಲ್ಲಿ ಬಾಳಿ ಬಂದದ್ದಲ್ಲ. 1822ರಲ್ಲಿ ದಾವ್‌ಗ್ವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದ ಅದನ್ನು ಹೊರಗಟ್ಟಿದ್ದ. ದೊರೆಯ ಮೈಗೆ ಸೂಜಿ ಚುಚ್ಚುವುದು ಸಲ್ಲದು ಎಂಬುದು ಕಾರಣ. 1930ರ ದಶಕದಲ್ಲಿ ಚೆಂಗ್ ದಾನ್‌ಆನ್ ಎಂಬ ವೈದ್ಯ ಅಂಗರಚನಾ ಶಾಸ್ತ್ರದ ನಕ್ಷೆಗಳನ್ನು ಮುಂದಿಟ್ಟುಕೊಂಡು, ರಕ್ತನಾಳಗಳ ಮೇಲಿದ್ದ ಚುಚ್ಚುವ ಜಾಗಗಳನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ಗುರುತಿಸಿದ. ಊರೂರಿಗೂ ಡಾಕ್ಟರರನ್ನು ಒದಗಿಸಲಾಗದ ಮಾವೋ ಸರ್ಕಾರ 1950ರ ದಶಕದಲ್ಲಿ ಅದನ್ನೇ ಎತ್ತಿ ಹಿಡಿಯಿತು. ನಮ್ಮ ಅನೇಕ 'ಪುರಾತನ'ಗಳ ಹಾಗೆ ಇದರಲ್ಲೂ ಇಪ್ಪತ್ತನೆಯ ಶತಮಾನದ ಪಾಲು ದೊಡ್ಡದು.

ಮತ್ತೆ ಉಲ್ಮ್‌ಗೆ ಬರೋಣ. ಆ ಪ್ರಯೋಗಕ್ಕೊಂದು ಕುಂದಿತ್ತು. ಯಾರಿಗೆ ಸೂಜಿ ಬಿತ್ತು, ಯಾರಿಗಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮಾತ್ರೆಯಾದರೆ ಸಕ್ಕರೆಯ ಮಾತ್ರೆ ಕೊಟ್ಟು ಪರೀಕ್ಷಿಸಬಹುದು. ಸೂಜಿಗೆ ಏನು ಮಾಡುವುದು? ಇದಕ್ಕೆ 1998ರಲ್ಲೇ ಹೈಡಲ್‌ಬರ್ಗ್‌ನ ಕೊನ್ರಾಡ್ ಸ್ಟ್ರೈಟ್‌ಬರ್ಗರ್ ಉಪಾಯ ಹೂಡಿದ್ದರು. ಕಂಪನಿ ನಾಟಕದ ಬಾಕು ಎದೆಗೆ ತಾಗಿದೊಡನೆ ಹಿಡಿಯೊಳಗೆ ಸರಿಯುತ್ತದಲ್ಲ, ಅಂಥ ಸೂಜಿ. ಮೊಂಡು ತುದಿ ಚರ್ಮಕ್ಕೆ ಒತ್ತುತ್ತದೆ, ಒಳಗೆ ಇಳಿಯುವುದಿಲ್ಲ. ಮಲಗಿದವರಿಗೆ ಚುಚ್ಚಿದಂತೆಯೇ ಅನ್ನಿಸುತ್ತದೆ.

ಈ ಸುಳ್ಳು ಸೂಜಿ ಫಲವಂತಿಕೆಯ ಪ್ರಯೋಗಗಳೊಳಗೆ ಬಂದಮೇಲೆ ಚಿತ್ರ ಕಲಸಿಹೋಯಿತು. ಅದಕ್ಕೆ ಮುಂಚೆ ಒಂದು ದೊಡ್ಡ ಸದ್ದೂ ಆಯಿತೆನ್ನಿ. 2008ರ ಫೆಬ್ರುವರಿಯಲ್ಲಿ ಅಮೆರಿಕದ ಎರಿಕ್ ಮ್ಯಾನ್‌ಹೈಮರ್ ಮತ್ತಿತರರು ಏಳು ಪ್ರಯೋಗಗಳ 1,366 ಮಹಿಳೆಯರ ಲೆಕ್ಕ ಒಟ್ಟುಗೂಡಿಸಿ, ಸೂಜಿಯಿಂದ ಉಪಯೋಗವಿದೆ ಎಂದು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಮರುವರ್ಷವೇ ಹಾಂಗ್‌ಕಾಂಗ್‌ನಿಂದ ವಿಚಿತ್ರ ಸುದ್ದಿ. 370 ಮಹಿಳೆಯರಲ್ಲಿ ಅರ್ಧ ಜನಕ್ಕೆ ನಿಜ ಸೂಜಿ, ಅರ್ಧ ಜನಕ್ಕೆ ಮೊಂಡು ಸೂಜಿ. ಗರ್ಭ ಪರೀಕ್ಷೆ ಪಾಸಿಟಿವ್ ಬಂದವರು ನಿಜದವರಲ್ಲಿ ಶೇ 43.8, ಸುಳ್ಳಿನವರಲ್ಲಿ ಶೇ 55.1! ಸುಳ್ಳು ಸೂಜಿಯೂ ಚರ್ಮವನ್ನು ಒತ್ತಿ ಏನೋ ಕೆಲಸ ಮಾಡುತ್ತಿರಬೇಕು ಎಂದು ಕೆಲವರು ವಾದಿಸಿದರು. ತಳ್ಳಿಹಾಕುವ ಮಾತೇನಲ್ಲ. ಆದರೆ ಎಲ್ಲಿ ಹೇಗೆ ಮುಟ್ಟಿದರೂ ಆಗುತ್ತದೆ ಎಂದಾದರೆ ಅಷ್ಟು ಕಷ್ಟಪಟ್ಟು ಗುರುತಿಸಿದ ಜಾಗಗಳ ಗತಿಯೇನು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ.

ದೊಡ್ಡ ಪ್ರಯೋಗಗಳು ಬಂದದ್ದು ಹತ್ತು ವರ್ಷ ತಡವಾಗಿ, ಎರಡೂ 'ಜಾಮಾ' ಪತ್ರಿಕೆಯಲ್ಲಿ. 2017ರದ್ದು ಚೀನಾದ್ದೇ. ನಮ್ಮಲ್ಲಿ ಈಗ ಮನೆಮಾತಾಗಿರುವ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರುವ 1,000 ಮಹಿಳೆಯರು, ಹಾರ್ಬಿನ್‌ನ ಚೀನೀ ವೈದ್ಯ ವಿಶ್ವವಿದ್ಯಾಲಯದ ಮುಂದಾಳ್ತನ. ಅಂಡಾಣು ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಮಾತ್ರೆ ನುಂಗಿದವರಲ್ಲಿ ಶೇ 28.7 ಮಂದಿಗೆ ಮಗುವಾಯಿತು, ಹುಸಿ ಮಾತ್ರೆಯವರಲ್ಲಿ ಶೇ 15.4. ನಿಜ ಸೂಜಿಯವರಲ್ಲಿ ಶೇ 21.8, ಸುಳ್ಳು ಸೂಜಿಯವರಲ್ಲಿ ಶೇ 22.4. ಮಾತ್ರೆ ಗೆದ್ದಿತು, ಸೂಜಿ ಇದ್ದಲ್ಲೇ ಇತ್ತು. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಎಲಿಸಬೆಟ್ ಸ್ಟೇನರ್-ವಿಕ್ಟೊರಿನ್ ಹೆಸರೂ ಇದೆ. ರಕ್ತದ ಹರಿವು ಹೆಚ್ಚುತ್ತದೆ ಎಂದು ತೋರಿಸಿದವರೇ, ಅದರಿಂದ ಮಗು ಹೆಚ್ಚಲಿಲ್ಲ ಎಂಬ ವರದಿಗೂ ಸಹಿ ಹಾಕಿದರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಗೌರವದ ಜಾಗ ಅದೇ.

2018ರದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 16 ಐವಿಎಫ್ ಕೇಂದ್ರಗಳದ್ದು, ಮುನ್ನಡೆಸಿದವರು ಕ್ಯಾರೊಲಿನ್ ಸ್ಮಿತ್. 848 ಮಹಿಳೆಯರು. ಫಲಿತಾಂಶ ಸಿಕ್ಕವರ ಪೈಕಿ ನಿಜ ಸೂಜಿಯ 405 ಮಂದಿಯಲ್ಲಿ 74 ಜನ ಮಗು ಹೆತ್ತರು, ಸುಳ್ಳು ಸೂಜಿಯ 404 ಮಂದಿಯಲ್ಲಿ 72 ಜನ. ಉಲ್ಮ್‌ನ ಹದಿಮೂರು ಇಲ್ಲಿ ಎರಡಾಗಿ ಇಳಿದಿತ್ತು.

ಆದರೂ ಸೂಜಿಯವರ ಬಾಗಿಲು ಮುಚ್ಚಲಿಲ್ಲ. ಕಾರಣ ಹುಡುಕಬೇಕಾದ್ದು ಅಂಕಿಗಳಲ್ಲಲ್ಲ. ಐವಿಎಫ್‌ಗೆ ಬಂದ ಹೆಣ್ಣುಮಗಳು ಬಹಳಷ್ಟು ಹೊತ್ತು ಒಂದು ಫೈಲಾಗಿ ಓಡಾಡುತ್ತಾಳೆ. ಸೂಜಿ ಹಾಕುವವರ ಕೋಣೆಯಲ್ಲಿ ಅರ್ಧ ಗಂಟೆ ಯಾರೋ ಅವಳ ನಾಡಿ ಹಿಡಿದು, ನಿದ್ದೆ ಬಂತೇ, ಊಟ ಸೇರಿತೇ ಎಂದು ಕೇಳುತ್ತಾರೆ, ದೀಪ ಮಂದ ಮಾಡಿ ಮಲಗಿಸುತ್ತಾರೆ. ಅಮೆರಿಕದ ಆಲಿಸ್ ಡೋಮಾರ್ ಮತ್ತು ಸಂಗಡಿಗರು 150 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಬಸಿರಿನ ಪ್ರಮಾಣ ಏರಲಿಲ್ಲ, ಆದರೆ ಸೂಜಿ ಹಾಕಿಸಿಕೊಂಡವರ ಆತಂಕ ಇಳಿದಿತ್ತು, ಭರವಸೆ ಹೆಚ್ಚಿತ್ತು. ಆ ಎರಡು ವಾರಗಳನ್ನು ಕಳೆದವರಿಗೆ ಇದು ಸಣ್ಣ ಲಾಭವಲ್ಲ. ನೆಮ್ಮದಿಗೆಂದು ಹೇಳಿ ನೆಮ್ಮದಿಯ ಬೆಲೆ ಪಡೆದರೆ ತಕರಾರಿಲ್ಲ. ಮಗುವಿನ ಭರವಸೆ ಕೊಟ್ಟು ಪ್ಯಾಕೇಜಿನಲ್ಲಿ ಸೇರಿಸುವುದು ಬೇರೆ ವ್ಯವಹಾರ.

ನಮ್ಮ ದೇಶಕ್ಕೆ ಸೂಜಿ ಬಂದದ್ದು ಅಮೆರಿಕದ ದಾರಿ ಹಿಡಿದಲ್ಲ. 1938ರಲ್ಲಿ ಜಪಾನಿನ ದಾಳಿಗೆ ತತ್ತರಿಸಿದ್ದ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತ್ತು. ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸ್ ಅಲ್ಲೇ ತೀರಿಕೊಂಡರು. ತಂಡದಲ್ಲಿದ್ದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿದ್ದು 2019ರಲ್ಲಿ. ಕರ್ನಾಟಕದಲ್ಲಿ ಉಜಿರೆಯಂಥ ಕಡೆಗಳ ಪ್ರಕೃತಿ ಚಿಕಿತ್ಸಾ ಕಾಲೇಜುಗಳಲ್ಲಿ ಬಿಎನ್‌ವೈಎಸ್ ಪದವಿ ಓದುವವರು ಇದನ್ನೂ ಕಲಿಯುತ್ತಾರೆ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು, ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿ, ಐವಿಎಫ್‌ಗೂ ದುಡ್ಡು ಕಟ್ಟುವ ದಂಪತಿಗೆ ಇನ್ನೊಂದು ದಾರಿ ಜೊತೆಗೂಡಿಸಿಕೊಳ್ಳುವುದು ಕಷ್ಟವೂ ಅಲ್ಲ, ತಪ್ಪೂ ಅಲ್ಲ. ಕಲಿತವರ ಕೈ, ಒಬ್ಬರಿಗೆ ಬಳಸಿ ಬಿಸಾಡುವ ಸೂಜಿ, ಐವಿಎಫ್ ವೈದ್ಯರಿಗೆ ಮುಂಚೆಯೇ ತಿಳಿಸುವುದು, ಇಷ್ಟಿದ್ದರೆ ಅಪಾಯ ಕಡಿಮೆ.

ಅಪಾಯವಿರುವುದು ಐವಿಎಫ್‌ನ ಜೊತೆಗಲ್ಲ, ಅದರ ಬದಲಿಗೆ ಸೂಜಿ ಹಿಡಿದು ತಿಂಗಳುಗಟ್ಟಲೆ ಕೂತಾಗ. ಮೂವತ್ತೈದು ದಾಟಿದವರಿಗೆ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಕಟ್ಟಿಕೊಂಡ ಗರ್ಭನಾಳವನ್ನು ಸೂಜಿ ಬಿಡಿಸಲಾರದು. ಇನ್ನೊಂದು ಸಂಗತಿ. ಮೇಲೆ ಹೇಳಿದ ಪ್ರಯೋಗಗಳಲ್ಲೆಲ್ಲ ಮಂಚದ ಮೇಲೆ ಮಲಗಿ ಸೂಜಿ ಹಾಕಿಸಿಕೊಂಡದ್ದು ಹೆಂಗಸರು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಪಾಲಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಹೆಂಡತಿಯ ಕಾಲಿಗೆ ಮೊದಲ ಸೂಜಿ ಬೀಳುವ ಮುಂಚೆ ಆ ರಿಪೋರ್ಟ್ ಕೈಯಲ್ಲಿರಬೇಕು.