ಅವಳಿ ಪ್ರೋಟೀನುಗಳ ಗುರುತು

ರೋಗಾಣು ಹೊಕ್ಕಾಗ ನಮ್ಮ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆಂದು ನಾವು ಜೀವಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಅವು ಪರಕೀಯ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುತ್ತವೆ. ಈ ಅಂಟುವ ಗುಣದಿಂದ ವಿಜ್ಞಾನಿಗಳಿಗೆ ಬೇರೊಂದು ಉಪಯೋಗವೂ ಉಂಟು. ಬೆಳೆಯುತ್ತಿರುವ ಭ್ರೂಣದಲ್ಲಿ ಯಾವ ಪ್ರೋಟೀನು ಎಲ್ಲಿದೆಯೆಂದು ತಿಳಿಯಲು ಅದಕ್ಕೆ ತಕ್ಕ ಪ್ರತಿಕಾಯವನ್ನು ಹಚ್ಚಿ, ಬಣ್ಣ ಬರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ತೋರಿಸಿಕೊಟ್ಟರು.

ಆದರೆ ಇಲ್ಲೊಂದು ತೊಡಕಿದೆ. ಪ್ರತಿಕಾಯವು ಇಡೀ ಪ್ರೋಟೀನನ್ನು ನೋಡುವುದಿಲ್ಲ. ಅದರ ಒಂದು ಸಣ್ಣ ಭಾಗವನ್ನಷ್ಟೇ ಹಿಡಿಯುತ್ತದೆ. ಅಂಥದೇ ಭಾಗ ಇನ್ನೊಂದರಲ್ಲಿದ್ದರೆ ಅದಕ್ಕೂ ಅಂಟುತ್ತದೆ. ಅಂಗಿಯನ್ನು ಮಾತ್ರ ನೋಡುವವನಿಗೆ ಲವ ಯಾರು, ಕುಶ ಯಾರು ಎಂದು ತಿಳಿಯದಲ್ಲವೆ?

ಹಣ್ಣುನೊಣದಲ್ಲಿ ಎನ್‌ಗ್ರೇಲ್ಡ್, ಇನ್‌ವೆಕ್ಟೆಡ್ ಎಂಬ ಇಂಥ ಎರಡು ಪ್ರೋಟೀನುಗಳಿವೆ. ಇವುಗಳ ಜೀನುಗಳು ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲಿವೆ. ಎರಡೂ ಭ್ರೂಣದ ಪ್ರತಿ ಖಂಡದ ಹಿಂಭಾಗದಲ್ಲಿ ಪಟ್ಟೆಯಾಗಿ ಮೂಡುತ್ತವೆ. ಡಿ.ಎನ್.ಎ. ಹಿಡಿಯುವ ಭಾಗವಂತೂ ಎರಡರಲ್ಲೂ ಬಹುಮಟ್ಟಿಗೆ ಒಂದೇ. 1989ರಲ್ಲಿ ಪ್ರಕಟವಾದ 4ಡಿ9 ಎಂಬ ಪ್ರತಿಕಾಯ ಆ ಭಾಗವನ್ನೇ ಹಿಡಿಯುವುದರಿಂದ ಎರಡಕ್ಕೂ ಅಂಟುತ್ತದೆ. ಅದು ತೋರಿಸಿದ ಪಟ್ಟೆಯನ್ನು ಕಂಡು ‘ಇದು ಎನ್‌ಗ್ರೇಲ್ಡ್’ ಎಂದು ಬರೆದರೆ ತಮ್ಮನ ಕೆಲಸವನ್ನು ಅಣ್ಣನ ಲೆಕ್ಕಕ್ಕೆ ಹಾಕಿದಂತಾದೀತು.

ಹಾಗಾದರೆ ಪರೀಕ್ಷಿಸುವುದೆಂತು? ಬ್ಯಾಕ್ಟೀರಿಯಾಗಳಿಂದ ಎರಡು ಪ್ರೋಟೀನುಗಳನ್ನೂ ಬೇರೆ ಬೇರೆಯಾಗಿ ತಯಾರಿಸಿ, ಒಂದು ತೆಳು ಪೊರೆಯ ಮೇಲಿಳಿಸಿ, ಪ್ರತಿಕಾಯವನ್ನು ಹಚ್ಚುತ್ತಾರೆ. ಎರಡೂ ಕಡೆ ಬಣ್ಣ ಬಂದರೆ ಪ್ರತಿಕಾಯಕ್ಕೆ ಭೇದ ತಿಳಿಯದೆಂದು ಅರ್ಥ. ಇದರಲ್ಲಿ ಗೆದ್ದರೂ ಸಾಲದು. ಈ ವಿಧಾನದಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ಕಾಯಿಸಿ ಅದರ ಮಡಿಕೆಗಳನ್ನು ಬಿಚ್ಚಿರುತ್ತಾರೆ. ಭ್ರೂಣದಲ್ಲಿ ಅದು ಮಡಿಚಿಕೊಂಡೇ ಇರುತ್ತದೆ, ಸುತ್ತ ಬೇರೆ ಸಾವಿರಾರು ಪ್ರೋಟೀನುಗಳೂ ಇರುತ್ತವೆ.

ನಮಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಜೀನನ್ನೇ ಕಳೆದುಕೊಂಡ ನೊಣದ ಪರೀಕ್ಷೆ. ಎನ್‌ಗ್ರೇಲ್ಡ್ ಜೀನೊಂದೇ ಇಲ್ಲದ ಭ್ರೂಣದಲ್ಲೂ ಬಣ್ಣ ಬಂದರೆ ಪ್ರತಿಕಾಯ ಬೇರೇನನ್ನೋ ಹಿಡಿದಿದೆ. ಎರಡೂ ಇಲ್ಲದಿರುವಾಗಲೂ ಬಂದರೆ ಅದು ಮೂರನೆಯದು! ಒಂದು ಪ್ರೋಟೀನು ಇಲ್ಲವಾದಾಗ ಇನ್ನೊಂದರ ಪ್ರಮಾಣ ತಗ್ಗುವುದೂ ಉಂಟು. ಆದ್ದರಿಂದ ಬಣ್ಣ ಮಾಸಿದೊಡನೆ ತೀರ್ಪು ಕೊಡಲಾಗದು. ಒಂದನ್ನೇ ಗುರುತಿಸುವ ಪ್ರತಿಕಾಯ ಬೇಕಿದ್ದರೆ ಎರಡರಲ್ಲೂ ಭಿನ್ನವಾಗಿರುವ ಭಾಗವನ್ನು ಆರಿಸಿ, ಅದರ ವಿರುದ್ಧ ಪ್ರತಿಕಾಯವನ್ನು ತಯಾರಿಸಬೇಕು.

ಭೇದವರಿಯದ 4ಡಿ9 ಮಾತ್ರ ಮೂಲೆಗೆ ಬೀಳಲಿಲ್ಲ. ಅದು ಹಿಡಿಯುವ ಭಾಗ ಅನೇಕ ಪ್ರಾಣಿಗಳಲ್ಲಿ ಹೆಚ್ಚು ಬದಲಾಗದೆ ಉಳಿದಿದೆ. ಆದ್ದರಿಂದಲೇ ಮಿಡತೆಯಲ್ಲೂ ನೊಣದಂತಹ ಪಟ್ಟೆಗಳಿರುವುದು ಅದರ ಸಹಾಯದಿಂದ ತಿಳಿಯಿತು.