ಬೂಷ್ಟಿಗೆ ಬೂಷ್ಟೇ ವೈರಿ



ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಮುಸುಕಿನ ಜೋಳದ ತೆನೆಗೆ ಬೂಷ್ಟು ಬರುವುದನ್ನು ವೈದ್ಯನಾಥಪುರದ ಸುತ್ತಿನವರೆಲ್ಲ ಕಂಡಿದ್ದೀರಿ. ಮಾರಲು ಬಾರದ ಅಂಥ ಕಾಳನ್ನು ಹಸುವಿನ ಮುಂದೆ ಸುರಿಯುವುದು ವಾಡಿಕೆ. ಕಳೆದ ಸುಗ್ಗಿಯಲ್ಲಿ ಶಿಂಷಾ ದಡದ ಒಂದು ಕಣದಲ್ಲಿ ನಾನು ಇದು ಬೇಡವೆಂದಾಗ ಅಜ್ಜಿಯೊಬ್ಬರು, "ತೊಳೆದು ಬೇಯಿಸಿದ್ರೆ ಹೋಗಕ್ಕಿಲ್ವೇನಪ್ಪಾ?" ಎಂದು ಕೇಳಿದರು. ಹೋಗುವುದಿಲ್ಲ. ಬೂಷ್ಟು ಬೆಂಕಿಗೆ ಸಾಯುತ್ತದೆ. ಅದು ಕಾಳಿನೊಳಗೆ ಬಿಟ್ಟ ವಿಷ ಒಲೆಯ ಕಾವಿಗೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಹಳದಿ ಮಿಶ್ರಿತ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡಬಲ್ಲದು. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ಉಂಡು ನೂರಕ್ಕೂ ಹೆಚ್ಚು ಜನ ಸತ್ತರು. ಬಿಳಿ ಅಥವಾ ನಸುಗೆಂಪು ಬಣ್ಣದ್ದು ಫ್ಯುಸೇರಿಯಂ. ಅದರ ವಿಷ ಫ್ಯುಮೋನಿಸಿನ್. 1995ರಲ್ಲಿ ಅಕಾಲ ಮಳೆಗೆ ಕೆಟ್ಟ ಜೋಳ, ಮುಸುಕಿನ ಜೋಳ ತಿಂದು ದಖ್ಖನ್ ಪ್ರಸ್ಥಭೂಮಿಯ ಹಲವು ಹಳ್ಳಿಗಳಲ್ಲಿ ಹೊಟ್ಟೆನೋವು, ಭೇದಿ ಹಬ್ಬಿತ್ತು. ಹಸು ತಿಂದ ಅಫ್ಲಾಟಾಕ್ಸಿನ್ನಿನ ಒಂದಂಶ ಹಾಲಿಗೂ ಇಳಿಯುತ್ತದೆ. ಡೈರಿಗೆ ಹಾಕುವುದೂ ಮಗುವಿಗೆ ಕುಡಿಸುವುದೂ ಅದೇ ಹಾಲು.

ಫ್ಯುಸೇರಿಯಂ ಬೀಜದಲ್ಲಿಯೇ ಅಡಗಿದ್ದು, ಗಿಡದ ಒಳಗೊಳಗೇ ಬೆಳೆದು ತೆನೆಯವರೆಗೂ ಏರಬಲ್ಲದು. ಆದುದರಿಂದ ತಡೆಯುವ ಕೆಲಸ ಬಿತ್ತನೆಯಲ್ಲಿಯೇ ಆರಂಭವಾಗತಕ್ಕದ್ದು. ಇಲ್ಲಿ ನಮಗೆ ನೆರವಾಗುವುದು ಟ್ರೈಕೋಡರ್ಮ ಎಂಬ ಇನ್ನೊಂದು ಬೂಷ್ಟು. ಇದು ಬೇಗ ಬೆಳೆದು ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿಯುತ್ತದೆ. ವೈರಿಯ ಎಳೆಗಳಿಗೆ ಬಳ್ಳಿಯಂತೆ ಸುತ್ತಿಕೊಂಡು ಅವನ್ನು ಕರಗಿಸಿ ತಿನ್ನುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮುಸುಕಿನ ಜೋಳದ ಬೀಜಕ್ಕೆ ಇದನ್ನು ಉಪಚರಿಸಿ ಬಿತ್ತಿದಾಗ ಫ್ಯುಸೇರಿಯಮ್ಮೂ ಫ್ಯುಮೋನಿಸಿನ್ನೂ ಕಡಿಮೆಯಾದುದನ್ನು 2010ರಲ್ಲಿ ಪ್ರಕಟಿಸಿದ್ದಾರೆ.

ಕಿಲೋ ಬೀಜಕ್ಕೆ 4 ಗ್ರಾಂ ಪುಡಿಯನ್ನು ತುಸು ಗಂಜಿಯಲ್ಲಿ ಕಲಸಿ ಹಚ್ಚಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿರಿ. ಆದರೆ ಪೊಟ್ಟಣದ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಬೂಷ್ಟುನಾಶಕ ಔಷಧಿ ಮೊದಲೇ ಹತ್ತಿರುತ್ತದೆ. ಅದರ ಮೇಲೆ ಇದನ್ನು ಹಚ್ಚಿದರೆ ಮಿತ್ರನೂ ಸಾಯಬಹುದು. ಮೊದಲ ವರ್ಷ ನಾನೇ ಈ ತಪ್ಪು ಮಾಡಿಸಿ ಒಬ್ಬರ ದುಡ್ಡು ದಂಡ ಮಾಡಿದೆ. ಅಂಥ ಬೀಜವಿದ್ದವರು 1 ಕಿಲೋ ಪುಡಿಯನ್ನು 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ಒಂದು ವಾರ ಒದ್ದೆ ಗೋಣಿ ಹೊದಿಸಿಟ್ಟು, ಬಿತ್ತುವ ಮುನ್ನ ಹೊಲಕ್ಕೆ ಎರಚಬಹುದು. ಪುಡಿಗಾಗಿ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೊಳ್ಳುವಾಗ ಅವಧಿ ಮುಗಿಯುವ ತಾರೀಖು ನೋಡಿ. ಜೀವವಿಲ್ಲದ ಪುಡಿ ಬೂದಿಗೆ ಸಮ.

ಅಫ್ಲಾಟಾಕ್ಸಿನ್ನಿಗೆ ಆಫ್ರಿಕದಲ್ಲಿ ಬೇರೊಂದು ಉಪಾಯವಿದೆ. ವಿಷ ಬಿಡುವ ಬೂಷ್ಟಿನದೇ ಜಾತಿಯ, ಆದರೆ ವಿಷ ಬಿಡಲಾರದ ಬಗೆಯನ್ನು ಜೋಳದ ಕಾಳಿಗೆ ಹತ್ತಿಸಿ, ಹೂ ಬರುವ ಎರಡು ಮೂರು ವಾರ ಮೊದಲು ಎಕರೆಗೆ 4 ಕಿಲೋದಂತೆ ಎರಚುತ್ತಾರೆ. ಸಾಧು ದಾಯಾದಿ ಬಂದು ಜಾಗ ಹಿಡಿದರೆ ದುಷ್ಟನಿಗೆ ನೆಲೆ ಸಿಕ್ಕದು. ನೈಜೀರಿಯದಲ್ಲಿ ಇದಕ್ಕೆ 2014ರಲ್ಲಿ ಸರ್ಕಾರದ ನೋಂದಣಿ ದೊರೆಯಿತು. ಆಯಾ ನೆಲದಲ್ಲೇ ಹುಡುಕಿ ತೆಗೆದ ಬೂಷ್ಟನ್ನು ಆಯಾ ನೆಲಕ್ಕೆ ಬಳಸುವುದು ಅಲ್ಲಿನ ಕ್ರಮ.

ಯಾವ ಮಿತ್ರ ಬೂಷ್ಟೂ ಹಸಿ ಕಾಳನ್ನು ಚೀಲದಲ್ಲಿ ಕಾಯಲಾರದು. ತೆನೆಯನ್ನು ಬರೀ ನೆಲದ ಮೇಲೆ ರಾಶಿ ಹಾಕದೆ ಟಾರ್ಪಾಲಿನ ಮೇಲೆ ಹರಡಿ, ಕಚ್ಚಿದರೆ ಕಟ್ಟನೆ ಒಡೆಯುವಂತೆ ಒಣಗಿಸಿ. ತೇವ ನೂರಕ್ಕೆ 12ಕ್ಕೆ ಇಳಿಯಬೇಕು. ಬೂಷ್ಟು ಕಂಡ ತೆನೆಗಳನ್ನು ಮೊದಲೇ ಆರಿಸಿ ತೆಗೆದು ಆಳವಾಗಿ ಹೂಳಿ. ಆ ಅಜ್ಜಿ ಅರ್ಧ ಚೀಲ ಹೂಳಿಸಿದರು, ನನ್ನನ್ನು ಬೈಯುತ್ತಲೇ.